ಪೆಟ್ಟಿಗೆಯನ್ನು ಯಾವ ತಿಂಗಳಲ್ಲಿ ಮುಚ್ಚಬೇಕು?

ಪ್ರಶ್ನೆ: ನಾನು ಕೊಡಗಿನ ನಾಪೋಕ್ಲು ಸಮೀಪದ ಹಳ್ಳಿಯೊಂದರಲ್ಲಿರುವ ನಿವೃತ್ತ ಶಿಕ್ಷಕಿ. 1978ರಿಂದ ದಿನಚರಿ ಬರೆಯುತ್ತಿದ್ದೇನೆ; ಇದುವರೆಗೆ ನಲವತ್ತೊಂದು ನೋಟ್‌ಬುಕ್‌ಗಳಾಗಿವೆ. ತಂದೆಯವರು ತೋಟದ ಲೆಕ್ಕವನ್ನೂ ಮಳೆಯ ಅಳತೆಯನ್ನೂ ಬರೆದಿಟ್ಟ ಹನ್ನೆರಡು ಪುಸ್ತಕಗಳು ಕೂಡ ನನ್ನ ಬಳಿಯೇ ಇವೆ. ಹೋದ ವರ್ಷ ಕಕ್ಕಡ ಮಾಸದಲ್ಲಿ ಹೆಂಚು ಸೋರಿದಾಗ ಹೆದರಿ, ಎಲ್ಲವನ್ನೂ ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ, ನುಸಿಗುಳಿಗೆ ಹಾಕಿ, ಅಟ್ಟದ ಮೇಲಿನ ಮರದ ಪೆಟ್ಟಿಗೆಯಲ್ಲಿಟ್ಟೆ. ಈ ಬಾರಿ ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಮುಹೂರ್ತದ ಹಬ್ಬ ಕಳೆದ ಮೇಲೆ ತೆರೆದು ನೋಡಿದರೆ ನನ್ನ ಏಳು ಪುಸ್ತಕಗಳಿಗೆ ಬೂಷ್ಟು ಹಿಡಿದಿದೆ, ಕೆಲವು ಪುಟಗಳಲ್ಲಿ ಶಾಯಿ ಹರಡಿದೆ. ಇಷ್ಟು ಜೋಪಾನ ಮಾಡಿದರೂ ಹೀಗೇಕಾಯಿತು? ಎಲ್ಲದರ ಫೋಟೋ ತೆಗೆದುಕೊಂಡು ಪುಸ್ತಕಗಳನ್ನು ವಿಲೇವಾರಿ ಮಾಡೋಣವೆಂದು ಬೆಂಗಳೂರಿನಲ್ಲಿರುವ ಮಗ ಹೇಳುತ್ತಾನೆ. ಅವುಗಳಲ್ಲಿ ಇನ್ನೊಬ್ಬರು ಓದಬಾರದ ಸಂಗತಿಗಳೂ ಇವೆ. ಆ ಪುಟಗಳನ್ನು ಹರಿದುಹಾಕಲೇ?

ಉತ್ತರ: ನಿಮ್ಮ ಜೋಪಾನದಲ್ಲಿ ಕೊರತೆಯಿರಲಿಲ್ಲ, ತಪ್ಪಿದ್ದು ತಿಂಗಳು. ಹೆಂಚು ಸೋರಿದ ಗಾಬರಿಯಲ್ಲಿ ನೀವು ಕಕ್ಕಡದಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಅವಧಿಯಲ್ಲಿ, ಪುಸ್ತಕಗಳನ್ನು ಚೀಲದಲ್ಲಿ ಕಟ್ಟಿದಿರಿ. ಆ ತಿಂಗಳಲ್ಲಿ ಕೊಡಗಿನ ಯಾವ ಮನೆಯಲ್ಲಿಯೂ ಒಣಗಿದ ಕಾಗದವೆಂಬುದು ಇರುವುದಿಲ್ಲ. ಕೈಗೆ ಒದ್ದೆಯೆನಿಸದಿದ್ದರೂ ಕಾಗದ ತನ್ನ ಸುತ್ತಲಿನ ಹವೆಯಿಂದ ತೇವವನ್ನು ಹೀರಿಕೊಂಡೇ ಇರುತ್ತದೆ. ಹವೆಯ ತೇವಾಂಶ ಶೇ 50ರಷ್ಟಿರುವಾಗ ಕಾಗದದ ತೂಕದಲ್ಲಿ ಸುಮಾರು ಶೇ 6ರಿಂದ 7ರಷ್ಟು ನೀರಿರುತ್ತದೆ; ಜಡಿಮಳೆಯ ದಿನಗಳಲ್ಲಿ ತೇವಾಂಶ ಶೇ 90ನ್ನು ಮುಟ್ಟಿದಾಗ ಆ ಪ್ರಮಾಣ ಬಹುತೇಕ ಎರಡು ಪಟ್ಟಾಗುತ್ತದೆ. ಹಾಗಾಗಿ ಐವತ್ತಮೂರು ಪುಸ್ತಕಗಳ ಜೊತೆಗೆ ಹಲವು ಲೋಟ ನೀರನ್ನೂ ನೀವು ಅರಿಯದೆಯೇ ಆ ಚೀಲಗಳೊಳಗೆ ಕಟ್ಟಿಟ್ಟಿರಿ. ಹೊರಗಿನ ನೀರು ಒಳಗೆ ಬರದಂತೆ ತಡೆಯುವ ಪ್ಲಾಸ್ಟಿಕ್ಕು ಒಳಗಿನ ನೀರನ್ನು ಹೊರಗೆ ಬಿಡದೆಯೂ ತಡೆಯುತ್ತದೆ.

ತೋಟದ ಮನೆಯಲ್ಲಿ ಬೆಳೆದ ನಿಮಗೆ ಈ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ಸರಿಯಾಗಿ ಒಣಗದ ಚೆರಿಯನ್ನು, ಎಂದರೆ ಕಾಫಿ ಹಣ್ಣನ್ನು, ಚೀಲಕ್ಕೆ ತುಂಬಿ ಬಾಯಿ ಹೊಲಿದರೆ ಏನಾಗುತ್ತದೆಂದು ಕೊಡಗಿನ ಮಕ್ಕಳಿಗೂ ಗೊತ್ತು. ತೇವಾಂಶ ಶೇ 10–11ಕ್ಕೆ ಇಳಿಯುವವರೆಗೆ ಕಾಫಿಯನ್ನು ಹರಡಿ, ಕೈಯಾಡಿಸಿ, ಸಂಜೆ ರಾಶಿ ಮಾಡಿ ಮುಚ್ಚಿ, ಮತ್ತೆ ಬೆಳಿಗ್ಗೆ ಹರಡುವ ನಾವು, ಅದೇ ಮನೆಯಲ್ಲಿರುವ ಪುಸ್ತಕಗಳನ್ನು ಮಾತ್ರ ಮಳೆ ಜೋರಾದ ದಿನವೇ ಕಟ್ಟಿಡುತ್ತೇವೆ.

ಅಟ್ಟವೂ ತನ್ನ ಪಾಲಿನ ಹಾನಿಯನ್ನು ಮಾಡಿದೆ. ಹೆಂಚಿನ ಕೆಳಗಿನ ಜಾಗ ರಾತ್ರಿ ಬೇಗ ತಣ್ಣಗಾಗುತ್ತದೆ, ಬಿಸಿಲು ಬಂದರೆ ಬೇಗ ಬಿಸಿಯಾಗುತ್ತದೆ. ಬಿಸಿಯಾದಾಗ ಕಾಗದ ಬಿಟ್ಟುಕೊಟ್ಟ ತೇವ, ತಣ್ಣಗಾದಾಗ ಚೀಲದ ಒಳಮೈಯಲ್ಲಿ ಹನಿಗಟ್ಟಿ ಅಂಚಿನ ಪುಟಗಳಿಗೆ ಇಳಿಯುತ್ತದೆ. ನಿಮ್ಮ ಶಾಯಿ ಪುಟದ ನಡುವಿಗಿಂತ ಅಂಚಿನಲ್ಲಿಯೇ ಹೆಚ್ಚು ಹರಡಿದ್ದರೆ ಕಾರಣ ಇದೇ. ಹಿಂದಿನವರು ಅಟ್ಟದಲ್ಲಿ ಕಾಗದಪತ್ರ ಇಡುತ್ತಿದ್ದರಲ್ಲವೇ ಎಂದು ನೀವು ಕೇಳಬಹುದು. ಇಡುತ್ತಿದ್ದರು, ಅವು ಉಳಿಯುತ್ತಲೂ ಇದ್ದವು. ಏಕೆಂದರೆ ಕೆಳಗೆ ಸೌದೆ ಒಲೆ ಹಗಲಿರುಳು ಉರಿಯುತ್ತಿತ್ತು, ಅದರ ಶಾಖ ಮತ್ತು ಹೊಗೆ ಮಳೆಗಾಲವಿಡೀ ಅಟ್ಟವನ್ನು ಒಣಗಿಸಿಡುತ್ತಿದ್ದವು. ಕಾಗದ ಹೊಗೆಯಿಂದ ಕಂದಾಗುತ್ತಿತ್ತು, ಆದರೆ ಬೂಷ್ಟು ಹಿಡಿಯುತ್ತಿರಲಿಲ್ಲ. ಅಡುಗೆಮನೆಗೆ ಗ್ಯಾಸ್ ಬಂದ ಮೇಲೆ ಅಟ್ಟ ಬರಿದೇ ತಣ್ಣನೆಯ, ಕತ್ತಲೆಯ, ಗಾಳಿಯಾಡದ ಜಾಗವಾಗಿ ಉಳಿದಿದೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ.

ನುಸಿಗುಳಿಗೆಯ ವಿಷಯವನ್ನು ಬೇಗ ಮುಗಿಸಿಬಿಡುತ್ತೇನೆ. ಅದು ಹುಳವನ್ನು ಸ್ವಲ್ಪಮಟ್ಟಿಗೆ ದೂರವಿಡಬಹುದು, ಬೂಷ್ಟಿನ ಮೇಲೆ ಏನೂ ಪ್ರಭಾವ ಬೀರುವುದಿಲ್ಲ, ಅದರ ಆವಿ ಮನುಷ್ಯರಿಗೆ ಒಳ್ಳೆಯದಲ್ಲ. ತೆಗೆದುಬಿಡಿ. ಒಣಗಿಸಿದ ಬೇವಿನ ಸೊಪ್ಪು ಅಥವಾ ಬಜೆಯ ತುಂಡುಗಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಡುವ ಹಳೆಯ ಪದ್ಧತಿಗೆ ನನ್ನ ಆಕ್ಷೇಪವಿಲ್ಲ. ಆದರೆ ಸೊಪ್ಪು ಪೂರ್ತಿ ಒಣಗಿರಬೇಕು, ಪುಟಗಳ ನಡುವೆ ಇಡಬಾರದು.

ಈಗ ಬೂಷ್ಟು ಹಿಡಿದ ಏಳು ಪುಸ್ತಕಗಳು. ಇವನ್ನು ಮೊದಲು ಉಳಿದವುಗಳಿಂದ ಬೇರ್ಪಡಿಸಿ, ಮನೆಯವರು ಮಲಗದ, ಅಡುಗೆ ಮಾಡದ ಒಂದು ಕೋಣೆಗೆ ಸಾಗಿಸಿ. ಬೂಷ್ಟು ತೇವವಾಗಿದ್ದಾಗ ಒರೆಸಲೇಬಾರದು, ಒರೆಸಿದರೆ ಅದು ಕಾಗದದ ನಾರಿನೊಳಕ್ಕೆ ಉಜ್ಜಿಹೋಗಿ ಶಾಶ್ವತ ಕಲೆಯಾಗುತ್ತದೆ. ಪುಸ್ತಕಗಳನ್ನು ಮೇಜಿನ ಮೇಲೆ ನಿಲ್ಲಿಸಿ, ಪುಟಗಳು ಬೀಸಣಿಗೆಯಂತೆ ಅರೆತೆರೆದಿರುವಂತೆ ಮಾಡಿ, ಫ್ಯಾನಿನ ಗಾಳಿ ನೇರವಾಗಿ ಪುಟಕ್ಕೆ ಬಡಿಯದೆ ಕೋಣೆಯಲ್ಲಿ ಓಡಾಡುವಂತೆ ಇಡಿ. ಅಕ್ಟೋಬರ್ ನಡುವಿನಿಂದ ಬರುವ ತುಲಾ ಮಾಸದ ಮಳೆ ಇನ್ನೂ ಬಾಕಿಯಿರುವುದರಿಂದ ಒಣಗಲು ಎರಡು ಮೂರು ವಾರ ಹಿಡಿಯಬಹುದು. ಮನೆಯಲ್ಲಿ ಬಟ್ಟೆ ಒಣಗಿಸಲು ಕೆಂಡದ ಮೇಲೆ ಬುಟ್ಟಿ ಕವುಚುವ ಅಭ್ಯಾಸವಿದ್ದರೆ ಅದನ್ನು ಪುಸ್ತಕಗಳಿಗೆ ಖಂಡಿತ ಬಳಸಬೇಡಿ. ಇಸ್ತ್ರಿಪೆಟ್ಟಿಗೆ ಮತ್ತು ಕೂದಲು ಒಣಗಿಸುವ ಯಂತ್ರ ಕೂಡ ಬೇಡ. ಬಿಸಿಲು ಬಿದ್ದ ದಿನ ಕಣದಲ್ಲಿ ಹರಡುವ ಆಸೆ ಹುಟ್ಟುವುದು ಸಹಜ. ಆದರೆ ಬಿಸಿಲು ಕಾಗದವನ್ನು ಹಳದಿ ಮಾಡುತ್ತದೆ, ಶಾಯಿಯ ಬಣ್ಣವನ್ನು ತಿನ್ನುತ್ತದೆ, ಅದರಲ್ಲಿಯೂ ತೊಳೆದರೆ ಹೋಗುವ ಜಾತಿಯ ನೀಲಿ ಶಾಯಿ ಕೆಲವೇ ದಿನಗಳಲ್ಲಿ ಮಾಸಿಹೋಗುತ್ತದೆ. ನೆರಳು ಮತ್ತು ಗಾಳಿ ಎರಡೇ ಸಾಕು.

ಬೂಷ್ಟು ಪುಡಿಪುಡಿಯಾಗಿ ಒಣಗಿದ ಮೇಲೆ, ಹೊರಗಿನ ಜಗಲಿಯಲ್ಲಿ ಕುಳಿತು, ಗಾಳಿ ನಿಮ್ಮಿಂದ ಆಚೆ ಬೀಸುವಂತೆ ನೋಡಿಕೊಂಡು, ಎನ್-95 ಮುಖಗವಸು ಧರಿಸಿ, ಬಣ್ಣ ಹಚ್ಚುವ ಮೃದುವಾದ ಅಗಲ ಕುಂಚದಿಂದ ಪುಟದ ನಡುವಿನಿಂದ ಅಂಚಿನ ಕಡೆಗೆ ನಿಧಾನವಾಗಿ ಗುಡಿಸಿ. ಮನೆಯಲ್ಲಿ ಉಬ್ಬಸದವರಿದ್ದರೆ ಅವರು ಆ ಕಡೆ ಸುಳಿಯದಿರಲಿ. ಕಲೆ ಉಳಿಯುತ್ತದೆ, ವಾಸನೆಯೂ ಕೆಲವು ತಿಂಗಳು ಇರುತ್ತದೆ; ಎರಡನ್ನೂ ಸಹಿಸಿಕೊಳ್ಳಿ. ಕಲೆ ತೆಗೆಯಲೆಂದು ಬ್ಲೀಚಿಂಗ್ ಪುಡಿ, ಡೆಟಾಲ್, ಸೀಮೆಎಣ್ಣೆ ಇವುಗಳನ್ನು ಹಚ್ಚಿದ ಪುಸ್ತಕಗಳನ್ನು ನಾನು ಬಹಳ ಕಂಡಿದ್ದೇನೆ. ಬೂಷ್ಟು ಮಾಡದ ಹಾನಿಯನ್ನು ಆ ಔಷಧಗಳು ಮಾಡಿದ್ದವು. ಹರಡಿದ ಶಾಯಿಯನ್ನು ಹಿಂದಕ್ಕೆ ತರುವ ಉಪಾಯ ಮನೆಯಲ್ಲಿಲ್ಲ. ಆದರೆ ಅಂಥ ಪುಟಗಳನ್ನು ಈಗಲೇ, ನಿಮಗೆ ನೆನಪಿರುವಾಗಲೇ, ಓದಿ ಬೇರೆ ಹಾಳೆಯಲ್ಲಿ ನಕಲು ಮಾಡಿ ಆಯಾ ಪುಸ್ತಕದ ಜೊತೆಗಿಡಿ. ಹರಡಿದ ಅಕ್ಷರವನ್ನು ಬರೆದವರಷ್ಟು ಚೆನ್ನಾಗಿ ಬೇರೆ ಯಾರೂ ಓದಲಾರರು.

ಹುಳದ ಗುರುತುಗಳಿದ್ದರೆ, ಎಂದರೆ ಪುಟಗಳಲ್ಲಿ ಸೂಜಿ ಚುಚ್ಚಿದಂಥ ತೂತುಗಳೋ, ಮೇಲ್ಮೈ ಕೆರೆದಂಥ ತೇಪೆಗಳೋ ಕಂಡರೆ, ಚೆನ್ನಾಗಿ ಒಣಗಿದ ಪುಸ್ತಕವನ್ನು ಗಾಳಿ ಹೋಗದ ಚೀಲದಲ್ಲಿ ಮುಚ್ಚಿ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಬಹುದು. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲವನ್ನು ಬಿಚ್ಚಬಾರದು; ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ಹವೆಯ ತೇವ ಹನಿಗಟ್ಟುತ್ತದೆ. ಗೆದ್ದಲು ಬಂದಿದ್ದರೆ ಮಾತ್ರ ಪುಸ್ತಕಕ್ಕೆ ಚಿಕಿತ್ಸೆ ಮಾಡಿ ಪ್ರಯೋಜನವಿಲ್ಲ, ಗೋಡೆಗೆ ಮಾಡಬೇಕು.

ಇನ್ನು ಉಳಿದ ನಲವತ್ತಾರು ಪುಸ್ತಕಗಳ ಕಾಯಂ ವ್ಯವಸ್ಥೆ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಭಾಗಮಂಡಲದ ಕಡೆ ಅದಕ್ಕಿಂತ ಹೆಚ್ಚು, ಕುಶಾಲನಗರದ ಕಡೆ ಅದರ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಮೈಸೂರಿನಲ್ಲೋ ದೆಹಲಿಯಲ್ಲೋ ಕುಳಿತು ಬರೆದ ಸಲಹೆಗಳು ನಾಪೋಕ್ಲಿನ ಮನೆಗೆ ಹಾಗೆಯೇ ಹೊಂದುವುದಿಲ್ಲ. ಹವೆಯ ತೇವಾಂಶ ಶೇ 65–70ನ್ನು ದಾಟಿ ಕೆಲವು ದಿನ ನಿಂತರೆ ಬೂಷ್ಟು ಮೊಳೆಯುತ್ತದೆ ಎಂಬುದು ಎಲ್ಲ ಕಡೆಗೂ ಅನ್ವಯಿಸುವ ಲೆಕ್ಕ. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮನೆಯೊಳಗೇ ಅದು ಆ ಮಟ್ಟಕ್ಕಿಂತ ಮೇಲಿರುತ್ತದೆ. ಐದು ತಿಂಗಳು ಇಡೀ ಮನೆಯನ್ನು ಒಣಗಿಸಲು ಸಾಧ್ಯವಿಲ್ಲ. ಸಾಧ್ಯವಿರುವುದು ಒಂದು ಪೆಟ್ಟಿಗೆಯಷ್ಟು ಜಾಗದಲ್ಲಿ ಫೆಬ್ರವರಿಯ ಹವೆಯನ್ನು ಹಿಡಿದಿಡುವುದು.

ಸುಗ್ಗಿಯ ಹಬ್ಬವಾದ ಹುತ್ತರಿ ಮುಗಿದು, ಚಳಿ ಕಳೆದು, ಕಣದಲ್ಲಿ ಕಾಫಿ ಒಣಗುತ್ತಿರುವ ಜನವರಿ ಕೊನೆ ಅಥವಾ ಫೆಬ್ರವರಿಯ ದಿನಗಳನ್ನು ಆರಿಸಿಕೊಳ್ಳಿ. ಕಾಫಿ ಹೂವನ್ನು ಅರಳಿಸುವ ಹೂಮಳೆ ಬೀಳುವುದಕ್ಕಿಂತ ಮೊದಲೇ ಈ ಕೆಲಸ ಮುಗಿಯಬೇಕು. ಹವೆಯ ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮಾಪಕಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ, ಎರಡು ಕೊಳ್ಳಿ. ಪುಸ್ತಕಗಳನ್ನು ನೆರಳಿನ ಕೋಣೆಯಲ್ಲಿ ನಾಲ್ಕೈದು ದಿನ ಅರೆತೆರೆದು ನಿಲ್ಲಿಸಿ, ಬೆಳಿಗ್ಗೆ ಮಂಜು ಕರಗಿದ ಮೇಲೆ ಕಿಟಕಿ ತೆರೆದು, ಸಂಜೆ ಮುಚ್ಚಿ. ಮಾಪಕ ಶೇ 50ರ ಆಸುಪಾಸು ತೋರಿಸುವ ಒಂದು ಮಧ್ಯಾಹ್ನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿ ಮುಚ್ಚಿ. ಪೆಟ್ಟಿಗೆ ಮರದ್ದು ಬೇಡ, ರಬ್ಬರಿನ ಪಟ್ಟಿಯಿರುವ ಮುಚ್ಚಳದ, ಆಹಾರ ತುಂಬಿಡುವ ಗುಣಮಟ್ಟದ ಗಟ್ಟಿ ಪ್ಲಾಸ್ಟಿಕ್ ಡಬ್ಬವಾಗಲಿ. ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿಯಿದ್ದರೆ ಅದು ಈ ಕೆಲಸಕ್ಕೆ ತಕ್ಕುದು. ಇಪ್ಪತ್ತು ನೋಟ್‌ಬುಕ್ ಹಿಡಿಯುವ ಡಬ್ಬಕ್ಕೆ ನಾನು ಕಾಲು ಕಿಲೋ ಸಿಲಿಕಾ ಜೆಲ್ ಹರಳುಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿ ಮೂಲೆಯಲ್ಲಿಡುತ್ತೇನೆ. ತೇವ ಹೀರಿದಾಗ ಬಣ್ಣ ಬದಲಾಗುವ ಕಿತ್ತಳೆ ಹರಳುಗಳನ್ನು ಕೊಂಡರೆ, ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಬಳಸಬಹುದು. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಎರಡನೆಯ ಮಾಪಕವನ್ನು ಡಬ್ಬದೊಳಗೇ ಇಟ್ಟರೆ, ಪಾರದರ್ಶಕ ಡಬ್ಬವಾದರೆ ಮುಚ್ಚಳ ತೆಗೆಯದೆಯೇ ಓದಬಹುದು. ಶೇ 60 ದಾಟಿತೆಂದರೆ ಹರಳು ಬದಲಿಸುವ ಹೊತ್ತು ಬಂತು.

ಡಬ್ಬವನ್ನು ಅಟ್ಟದಲ್ಲಾಗಲಿ, ಹೊರಗೋಡೆಗೆ ತಾಗಿದ ಬೀರುವಿನಲ್ಲಾಗಲಿ ಇಡಬೇಡಿ. ಮನೆಯ ನಡುವಿನ ಕೋಣೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ. ಮಳೆಗಾಲದಲ್ಲಿ ಓದಬೇಕೆನಿಸಿದರೆ ಬೇಕಾದ ಪುಸ್ತಕವನ್ನು ತೆಗೆದು ತಕ್ಷಣ ಮುಚ್ಚಿ, ಆ ಪುಸ್ತಕವನ್ನು ಮುಂದಿನ ಫೆಬ್ರವರಿಯವರೆಗೆ ಹೊರಗೇ ಇಟ್ಟುಕೊಳ್ಳಿ. ಒಂದು ತೇವದ ಪುಸ್ತಕ ಇಪ್ಪತ್ತಕ್ಕೂ ತೇವ ಹಂಚುತ್ತದೆ. ಹೆಂಚು ಮತ್ತೆ ಸೋರಿ ಪುಸ್ತಕವೇ ತೊಯ್ದರೆ 48 ಗಂಟೆಗಳೊಳಗೆ ಒಣಗಿಸಬೇಕು, ಆಗದಿದ್ದರೆ ಚೀಲದಲ್ಲಿಟ್ಟು ಫ್ರೀಜರಿಗೆ ಹಾಕಿಬಿಡಿ. ಹೆಪ್ಪುಗಟ್ಟಿದ ಪುಸ್ತಕದಲ್ಲಿ ಬೂಷ್ಟು ಬೆಳೆಯುವುದಿಲ್ಲ, ಬಿಸಿಲು ಬಂದ ಮೇಲೆ ಒಂದೊಂದಾಗಿ ತೆಗೆದು ಒಣಗಿಸಬಹುದು.

ತಂದೆಯವರ ಹನ್ನೆರಡು ಪುಸ್ತಕಗಳು ಬೇರೆಯೇ ಜಾತಿ. ಆ ಕಾಲದ ನೀಲಿ-ಕಪ್ಪು ಶಾಯಿಗಳಲ್ಲಿ ಹಲವು ಕಬ್ಬಿಣದ ಲವಣ ಮತ್ತು ಒಗರು ಸತ್ವ (ಟ್ಯಾನಿನ್) ಸೇರಿಸಿ ಮಾಡಿದವು. ನೀರಿಗೆ ಅವು ಸುಲಭವಾಗಿ ಹರಡುವುದಿಲ್ಲ, ನಿಮ್ಮ ಪುಸ್ತಕಗಳಲ್ಲಿ ಶಾಯಿ ಹರಡಿಯೂ ತಂದೆಯವರ ಪುಸ್ತಕಗಳಲ್ಲಿ ಹರಡದಿರುವುದಕ್ಕೆ ಬಹುಶಃ ಇದೇ ಕಾರಣ. ಆದರೆ ತೇವದಲ್ಲಿ ಅವು ಮೆಲ್ಲನೆ ಕಾಗದವನ್ನು ಸುಡುತ್ತವೆ: ಅಕ್ಷರ ಕಂದಾಗುತ್ತದೆ, ಕೊನೆಗೆ ಅಕ್ಷರದ ಗೆರೆಯಗುಂಟ ಪುಟ ಬಿರಿಯುತ್ತದೆ. ಅಂಥ ಪುಟಗಳನ್ನು ಮಡಿಸಬೇಡಿ, ಬೆರಳು ನೆಕ್ಕಿ ತಿರುವಬೇಡಿ. ಗುಂಡುಸೂಜಿ, ಕ್ಲಿಪ್ಪು, ಸ್ಟೇಪಲ್ ಪಿನ್ನುಗಳಿದ್ದರೆ ತುಕ್ಕು ಪುಟವನ್ನು ತಿನ್ನುವ ಮೊದಲು ತೆಗೆದು, ಬಿಡಿ ಚೀಟಿಗಳನ್ನು ಬಿಳಿ ಕಾಗದದ ಲಕೋಟೆಯಲ್ಲಿ ಅದೇ ಪುಟದ ಹತ್ತಿರ ಇಡಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಅಂಟಿಸಬೇಡಿ. ಲ್ಯಾಮಿನೇಷನ್ನಂತೂ ಬೇಡವೇ ಬೇಡ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ನನ್ನ ಅಜ್ಜನ ಮಳೆ ಪುಸ್ತಕದ ಹದಿನಾರು ಹಾಳೆಗಳನ್ನು ಬಹಳ ಉತ್ಸಾಹದಿಂದ ಲ್ಯಾಮಿನೇಟ್ ಮಾಡಿಸಿದೆ. ಕಾಗದದೊಳಗಿನ ತೇವ ಒಳಗೇ ಉಳಿದು, ಇಂದು ಅವುಗಳಲ್ಲಿ ಒಂಬತ್ತು ಹಾಳೆಗಳು ಪ್ಲಾಸ್ಟಿಕ್ಕಿನೊಳಗೇ ಕಪ್ಪಾಗಿವೆ, ಹೊರತೆಗೆಯಲು ದಾರಿಯಿಲ್ಲ. ಲ್ಯಾಮಿನೇಟ್ ಮಾಡದೆ ಬಿಟ್ಟ ಹಾಳೆಗಳು ಚೆನ್ನಾಗಿವೆ.

ನಿಮ್ಮ ಪತ್ರದಲ್ಲಿ ನೀವು ಕೇಳದ ಒಂದು ವಿಷಯವಿದೆ, ನನ್ನ ದೃಷ್ಟಿಯಲ್ಲಿ ಅದು ಬೂಷ್ಟಿನಷ್ಟೇ ಮುಖ್ಯ. ಕಾಗದ ಉಳಿದರೂ ಅದರ ಅರ್ಥ ಉಳಿಯದೆ ಹೋಗಬಹುದು. ತಂದೆಯವರ ಪುಸ್ತಕದಲ್ಲಿ ಒಂದು ದಿನದ ಎದುರು 1.35 ಎಂದಿದ್ದರೆ ಅದು 1 ಇಂಚು 35 ಸೆಂಟು (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು) ಮಳೆ, ಸುಮಾರು 34 ಮಿಲಿಮೀಟರ್ ಎಂದು ನಿಮಗೆ ಗೊತ್ತು. ಬೆಂಗಳೂರಿನಲ್ಲಿ ಬೆಳೆದ ಮೊಮ್ಮಗಳಿಗೆ ಅದು ಬರಿಯ ಅಂಕಿ. ಚೆಕ್‌ರೋಲಿನ, ಎಂದರೆ ಆಳುಗಳ ಹಾಜರಿ ಪುಸ್ತಕದ, ಗುರುತುಗಳು, ತೋಟದ ಗುಮಾಸ್ತನಾದ ರೈಟರನ ಹೆಸರಿನ ಮೊದಲಕ್ಷರ, ಯಾವ ಗದ್ದೆಗೆ ಯಾವ ಹೆಸರು, ಗದ್ದೆಗೆ ಹೊಂದಿದ ಎತ್ತರದ ಜಮೀನಾದ ಬಾಣೆಯ ಯಾವ ಮೂಲೆಗೆ ಮನೆಯವರು ಏನೆಂದು ಕರೆಯುತ್ತಿದ್ದರು ಎಂಬುದೆಲ್ಲ ನಿಮ್ಮ ತಲೆಯಲ್ಲಿ ಮಾತ್ರ ಇದೆ. ಬೆಳೆಗಾರರ ಕಾಫಿಯನ್ನು ಒಟ್ಟಿಗೆ ಪಡೆದು ಮಾರಿ, ಹಣವನ್ನು ಕಂತುಗಳಲ್ಲಿ ಕೊಡುತ್ತಿದ್ದ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ 1990ರ ದಶಕದಲ್ಲಿ, ಪೂರ್ತಿಯಾಗಿ 1996ರಲ್ಲಿ, ಕೊನೆಗೊಂಡಿತು. ಅದಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಒಂದೇ ಬೆಳೆಗೆ ಕಂತು ಕಂತಾಗಿ ಹಣ ಬಂದ ಲೆಕ್ಕವನ್ನು ನೋಡಿದ ಮುಂದಿನ ಓದುಗರು, ಅಜ್ಜ ಒಂದೇ ಕಾಫಿಯನ್ನು ನಾಲ್ಕು ಸಲ ಮಾರಿದನೇ ಎಂದು ಕೇಳಿದರೆ ಆಶ್ಚರ್ಯಪಡಬೇಕಾಗಿಲ್ಲ.

ಆದುದರಿಂದ ಒಂದು ಸೂಚಿ ಪುಸ್ತಕ ಮಾಡಿ. ಪ್ರತಿ ನೋಟ್‌ಬುಕ್ಕಿಗೆ ಒಂದು ಸಂಖ್ಯೆ ಕೊಟ್ಟು, ಒಳರಟ್ಟಿನ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆಯಿರಿ. ಪೆನ್ಸಿಲಿನ ಕರಿ ನೀರಿಗೆ ಹರಡುವುದಿಲ್ಲ, ಬೆಳಕಿಗೆ ಮಾಸುವುದಿಲ್ಲ. ಸೂಚಿಯಲ್ಲಿ ಆ ಸಂಖ್ಯೆಯ ಎದುರು ಪುಸ್ತಕದ ಮೊದಲ ಮತ್ತು ಕೊನೆಯ ದಿನಾಂಕ, ಆಗ ನೀವು ಎಲ್ಲಿದ್ದಿರಿ, ಯಾವ ಶಾಲೆಯಲ್ಲಿ ಕೆಲಸ, ಮನೆಯಲ್ಲಿ ಯಾರು ಯಾರು ಇದ್ದರು ಎಂಬ ನಾಲ್ಕು ಸಾಲು ಸಾಕು. ಅಡ್ಡಹೆಸರುಗಳಿಗೆ, ಅಳತೆಗಳಿಗೆ, ಗುರುತುಗಳಿಗೆ ಕೊನೆಯ ಹತ್ತು ಪುಟ ಮೀಸಲಿಡಿ. ಕಕ್ಕಡ 18, ಎಡಮ್ಯಾರ್ 1 ಎಂದು ಕೊಡವ ತಿಂಗಳ ಲೆಕ್ಕದಲ್ಲಿ ಮಾತ್ರ ಬರೆದ ಕಡೆ, ಅವು ಕ್ರಮವಾಗಿ ಆಗಸ್ಟ್ 3 ಮತ್ತು ಏಪ್ರಿಲ್ 14ರ ಸುಮಾರಿಗೆ ಬರುತ್ತವೆಂದು ಸೂಚಿಯಲ್ಲಿ ಒಮ್ಮೆ ಬರೆದರೆ ಎಲ್ಲ ಪುಸ್ತಕಗಳಿಗೂ ಆಯಿತು. ಕೊಡವ ತಕ್ಕಿನ, ಎಂದರೆ ಕೊಡವ ಭಾಷೆಯ, ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದರೆ ಇನ್ನೂ ಒಂದು ತೊಡಕಿದೆ: ಕೊಡವದ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಚಿಹ್ನೆಯಿಲ್ಲ, ಬರೆದವರು ತಮಗೆ ತೋಚಿದಂತೆ ಗುರುತು ಹಾಕಿಕೊಂಡಿರುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು ಬಾಯಿಂದ ಬಾಯಿಗೆ ಬರುತ್ತಿದ್ದ ಹಾಡು, ಪದ್ಧತಿ, ಗಾದೆಗಳನ್ನು ಸಂಗ್ರಹಿಸಿ 1924ರಲ್ಲಿ ಪಟ್ಟೋಲೆ ಪಳಮೆಯನ್ನು ಪ್ರಕಟಿಸಿದಾಗ ಬಳಸಿದ್ದೂ ಕನ್ನಡ ಲಿಪಿಯನ್ನೇ. ಓದುವ ಕ್ರಮ ತಿಳಿದವರು ಇರುವವರೆಗೆ ತೊಂದರೆಯಿಲ್ಲ. ನಿಮ್ಮ ಗುರುತುಗಳನ್ನು ಹೇಗೆ ಉಚ್ಚರಿಸಬೇಕೆಂದು ಸೂಚಿಯಲ್ಲಿ ಬರೆಯಿರಿ. ಸಾಧ್ಯವಾದರೆ ಹತ್ತು ಪುಟಗಳನ್ನು ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ.

ನಿಮ್ಮ ಮಗನ ಸಲಹೆಯಲ್ಲಿ ಅರ್ಧ ನನಗೆ ಒಪ್ಪಿಗೆ. ಫೋಟೋ ತೆಗೆಯಲೇಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದು ಮನೆಗಳೇ ಹೋದಾಗ, ಕಾಗದಪತ್ರ ಎಷ್ಟು ಜೋಪಾನವಾಗಿತ್ತೆಂಬುದು ಯಾವ ಲೆಕ್ಕಕ್ಕೂ ಬರಲಿಲ್ಲ. ಬೇರೆ ಊರಿನಲ್ಲಿ ಪ್ರತಿಯೊಂದಿದ್ದರೆ ಮಾತ್ರ ಅಂಥ ಸಂದರ್ಭದಲ್ಲಿ ಏನಾದರೂ ಉಳಿಯುತ್ತದೆ, ಬೆಂಗಳೂರಿನ ಮಗನ ಮನೆ ಅದಕ್ಕೆ ಸರಿಯಾದ ಜಾಗ. ಹಗಲಿನ ಬೆಳಕು ಬರುವ ಕಿಟಕಿಯ ಹತ್ತಿರ, ಫ್ಲ್ಯಾಷ್ ಹಾಕದೆ, ಮೊಬೈಲನ್ನು ಪುಟಕ್ಕೆ ಸಮಾನಾಂತರವಾಗಿ ಹಿಡಿದು, ಒಂದು ಚಿತ್ರಕ್ಕೆ ಒಂದೇ ಪುಟದಂತೆ, ಖಾಲಿ ಪುಟಗಳನ್ನೂ ರಟ್ಟುಗಳನ್ನೂ ಬಿಡದೆ ತೆಗೆಯಲಿ. ಕಡತಗಳಿಗೆ ಸೂಚಿಯ ಸಂಖ್ಯೆ, ವರ್ಷ, ಪುಟ ಈ ಕ್ರಮದಲ್ಲಿ ಹೆಸರಿಡಲಿ. ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಅಥವಾ ಕ್ಲೌಡಿನಲ್ಲಿ ಇರಲಿ, ವರ್ಷಕ್ಕೊಮ್ಮೆ ಎರಡನ್ನೂ ತೆರೆದು ನೋಡಲಿ. ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದ ಚಿತ್ರವನ್ನು ಪ್ರತಿಯೆಂದು ಎಣಿಸಬೇಡಿ, ಅದು ಕುಗ್ಗಿ ಹೋಗಿರುತ್ತದೆ.

ಆದರೆ ಪುಸ್ತಕಗಳನ್ನು ವಿಲೇವಾರಿ ಮಾಡುವ ಮಾತಿಗೆ ನಾನು ಒಪ್ಪಲಾರೆ. ಮೂರು ದಶಕ ಹಳೆಯ ಫ್ಲಾಪಿಗಳನ್ನು ಓದುವ ಯಂತ್ರ ಇಂದು ಯಾವ ಮನೆಯಲ್ಲಿಯೂ ಇಲ್ಲ; ಅದೇ ಕಾಲದ ನಿಮ್ಮ ನೋಟ್‌ಬುಕ್ಕನ್ನು ಓದಲು ಕನ್ನಡಕವೊಂದು ಸಾಕು. ಅಲ್ಲದೆ ಯಾವ ಪುಟದಲ್ಲಿ ಕೈ ನಡುಗಿದೆ, ಎಲ್ಲಿ ಪೆನ್ನು ಬದಲಾಗಿದೆ, ಯಾವ ಸಾಲನ್ನು ಆಮೇಲೆ ಸೇರಿಸಲಾಗಿದೆ ಎಂಬುದು ಚಿತ್ರದಲ್ಲಿ ಎಲ್ಲ ಸಲವೂ ತಿಳಿಯುವುದಿಲ್ಲ.

ಹರಿದುಹಾಕುವ ವಿಷಯಕ್ಕೆ ಬರುತ್ತೇನೆ. ಹಿಂದಿನ ಕಾಲದ ನಮ್ಮ ಲೆಕ್ಕದ ಪುಸ್ತಕ, ಹುಣಸೆ ಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಲೇಪಿಸಿ ಮಡಿಸಿದ ಬಟ್ಟೆಯ ಕಡತ, ಬಳಪದಿಂದ ಬರೆಯುವಂಥದ್ದು. ಬೇಡದ್ದನ್ನು ಅಳಿಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಿತ್ತು. ನೋಟ್‌ಬುಕ್ಕಿನಲ್ಲಿ ಆ ಸೌಕರ್ಯವಿಲ್ಲ. ಹೊಲಿದ ಪುಸ್ತಕದಿಂದ ಒಂದು ಹಾಳೆ ಹರಿದರೆ ಅದರ ಜೋಡಿ ಹಾಳೆಯೂ ಸಡಿಲವಾಗಿ ಬೀಳುತ್ತದೆ, ಹರಿದ ಜಾಗ ಓದುವವರ ಕುತೂಹಲವನ್ನು ಹೆಚ್ಚಿಸುತ್ತದೆ. ಆದರೂ ಇವು ನಿಮ್ಮ ಪುಸ್ತಕಗಳು; ನಾಶಮಾಡುವ ಹಕ್ಕು ನಿಮ್ಮದೇ, ಅದನ್ನು ಯಾವ ತಜ್ಞನೂ ಪ್ರಶ್ನಿಸಬಾರದು. ನಾನು ಕೇಳಿಕೊಳ್ಳುವುದು ಇಷ್ಟೇ: ಈ ವರ್ಷ ನಿರ್ಧರಿಸಬೇಡಿ. ಆ ಪುಟಗಳ ಸುತ್ತ ಬಿಳಿ ಕಾಗದ ಸುತ್ತಿ, ಅಂಟು ಪುಟಕ್ಕೆ ತಾಗದಂತೆ ಮುಚ್ಚಿ, ಹೊರಗೆ ನಿಮ್ಮ ಸಹಿಯೊಂದಿಗೆ ಯಾವ ವರ್ಷದವರೆಗೆ ತೆರೆಯಬಾರದೆಂದು ಬರೆಯಿರಿ. ಅದರಲ್ಲಿ ಬರುವ ಇನ್ನೊಬ್ಬರು ಬದುಕಿದ್ದಾರೆಯೇ, ಅವರ ಮಕ್ಕಳಿಗೆ ನೋವಾಗುತ್ತದೆಯೇ ಎಂಬುದನ್ನು ನೋಡಿ ವರ್ಷವನ್ನು ನಿಶ್ಚಯಿಸಿ. ನಿಮ್ಮ ಸ್ವಂತ ಮುಜುಗರಕ್ಕಿಂತ ಅವರ ನೋವಿಗೆ ಹೆಚ್ಚು ಬೆಲೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಅಂಥ ಪುಟಗಳ ಫೋಟೋ ತೆಗೆಯಬೇಡಿ.

ಇವುಗಳನ್ನು ಯಾರಿಗೆ ಬಿಡಬೇಕೆಂಬುದನ್ನು ಉಯಿಲಿನಲ್ಲಿ ಒಂದು ವಾಕ್ಯದಲ್ಲಾದರೂ ಬರೆಯಿರಿ. 1957ರ ಕೃತಿಸ್ವಾಮ್ಯ ಕಾಯಿದೆಯ 20ನೆಯ ಪ್ರಕರಣದಂತೆ, ಪ್ರಕಟವಾಗದ ಹಸ್ತಪ್ರತಿಯನ್ನು ಉಯಿಲಿನ ಮೂಲಕ ಯಾರಿಗೆ ಬಿಟ್ಟಿರುತ್ತೀರೋ, ಬೇರೆ ಉದ್ದೇಶವನ್ನು ಬರೆದಿರದಿದ್ದರೆ, ನಿಮಗಿದ್ದ ಕೃತಿಸ್ವಾಮ್ಯವೂ ಅವರಿಗೇ ಸೇರುತ್ತದೆ. ಆದ್ದರಿಂದ ಪುಸ್ತಕಗಳನ್ನು ಇಟ್ಟುಕೊಳ್ಳುವವರು ಒಬ್ಬರು, ಪ್ರಕಟಿಸಬೇಕೋ ಬೇಡವೋ ಎಂದು ನಿರ್ಧರಿಸುವವರು ಇನ್ನೊಬ್ಬರು ಆಗಬೇಕೆಂದಿದ್ದರೆ ಅದನ್ನು ಸ್ಪಷ್ಟವಾಗಿ ಬರೆಯಬೇಕು. ಮನೆಯವರಲ್ಲಿ ಯಾರಿಗೂ ಆಸಕ್ತಿಯಿಲ್ಲವೆಂದು ಕಂಡುಬಂದರೆ, ಮಡಿಕೇರಿಯಲ್ಲಿರುವ ಕೊಡವ ಸಾಹಿತ್ಯ ಅಕಾಡೆಮಿಯಲ್ಲಿ ಅಥವಾ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ. ಕೊಡುವ ಮೊದಲು ಮುಚ್ಚಿದ ಪುಟಗಳ ಷರತ್ತನ್ನು ಲಿಖಿತವಾಗಿ ಒಪ್ಪಿಸಿಕೊಳ್ಳಿ. ತಂದೆಯವರ ಮಳೆ ಲೆಕ್ಕ ಎಡೆಬಿಡದೆ ಹಲವು ವರ್ಷಗಳದ್ದಾಗಿದ್ದರೆ ಅದರ ಒಂದು ಪ್ರತಿಯನ್ನು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರಿಗೆ ತೋರಿಸಬಹುದು. ಒಂದೇ ತೋಟದಲ್ಲಿ, ಒಂದೇ ಕೈ, ಒಂದೇ ಮಾಪಕದಿಂದ ಬರೆದ ದಿನದಿನದ ಮಳೆ ಸುಲಭವಾಗಿ ಸಿಗುವ ವಸ್ತುವಲ್ಲ.

ಮುಂದೆ ಬರೆಯುವ ಪುಸ್ತಕಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೊಸ ವರ್ಷಕ್ಕೆ ಬ್ಯಾಂಕಿನವರೂ ಗೊಬ್ಬರದ ಅಂಗಡಿಯವರೂ ಕೊಡುವ ಡೈರಿಗಳ ಪ್ಲಾಸ್ಟಿಕ್ ಹೊದಿಕೆ ಕೆಲವು ವರ್ಷಗಳಲ್ಲಿ ಅಂಟಂಟಾಗಿ ಪಕ್ಕದ ಪುಸ್ತಕಕ್ಕೆ ಹತ್ತಿಕೊಳ್ಳುತ್ತದೆ. ಬರೆಯುವುದಾದರೆ ಹೊದಿಕೆ ತೆಗೆದು ಬರೆಯಿರಿ. ಸ್ಪೈರಲ್ ತಂತಿ ನಮ್ಮ ಹವೆಯಲ್ಲಿ ತುಕ್ಕು ಹಿಡಿಯುತ್ತದೆ. ನೂಲಿನಿಂದ ಹೊಲಿದ, ಆಮ್ಲರಹಿತ ಕಾಗದದ ಪುಸ್ತಕ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಶಾಲೆಯ ಹೊಲಿದ ಲಾಂಗ್ ಬುಕ್ಕೇ ಸಾಕು. ಶಾಯಿ ಪೆನ್ನಿನ ಅಭ್ಯಾಸವನ್ನು ಬಿಡಲಾಗದಿದ್ದರೆ ನೀರಿಗೆ ಹರಡದ ಕಪ್ಪು ಶಾಯಿ ತರಿಸಿಕೊಳ್ಳಿ. ಇಲ್ಲವಾದರೆ ಮಳೆಗಾಲದ ಐದು ತಿಂಗಳಾದರೂ ಬಾಲ್ ಪೆನ್ನಿನಲ್ಲಿ ಬರೆಯಿರಿ.

ಈ ವಾರ ಮಾಡಬೇಕಾದುದು ಎರಡೇ ಕೆಲಸ: ಐವತ್ತಮೂರು ಪುಸ್ತಕಗಳನ್ನೂ ಪ್ಲಾಸ್ಟಿಕ್ ಚೀಲಗಳಿಂದ ಹೊರತೆಗೆದು ಅಟ್ಟದಿಂದ ಕೆಳಗಿಳಿಸುವುದು, ಬೂಷ್ಟಿನ ಏಳನ್ನು ಬೇರೆ ಕೋಣೆಯಲ್ಲಿ ನಿಲ್ಲಿಸುವುದು. ಡಬ್ಬವನ್ನು ಈಗಲೇ ಕೊಂಡರೂ ತೊಂದರೆಯಿಲ್ಲ, ಆದರೆ ಹುತ್ತರಿ ಕಳೆದು ಕಣದಲ್ಲಿ ಕಾಫಿ ಹರಡುವವರೆಗೆ ಅದು ಖಾಲಿಯಾಗಿಯೇ ಇರಲಿ. ಅಲ್ಲಿಯವರೆಗೆ ಪುಸ್ತಕಗಳು ನಡುಮನೆಯ ಮೇಜಿನ ಮೇಲಿದ್ದರೆ, ಬಂದವರು ಇದೇನೆಂದು ಕೇಳಿಯಾರು; ಸೂಚಿ ಬರೆಯುತ್ತಿದ್ದೇನೆಂದು ಹೇಳಿ.